ತಿಂಗಳಿಗೊಂದು ಭಾನುವಾರ, ಸಂಸ ಬಯಲು ರಂಗಮಂದಿರದಲ್ಲಿ

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಸಣ್ಣ ಬ್ಯಾಂಡುಗಳಿಗೆ, ಚಿತ್ರಕಥೆ (ಕಾಮಿಕ್ಸ್) ಮಾಡುವವರಿಗೆ ತಿಂಗಳಿಗೊಂದು ಭಾನುವಾರ ಜಾಗ ಕೊಡಿ ಅಂತ ಕೇಳುವ ಪತ್ರ ಇದು. ಇದರ ಒಂದು ಪ್ರತಿಯನ್ನು ಬೆಂಗಳೂರು ನಗರ ಪೊಲೀಸ್ ಆಯುಕ್ತರಿಗೂ ಕಳಿಸುತ್ತಿದ್ದೇನೆ. ಸಂಗೀತ ನಿಮ್ಮ ಖಾತೆ, ಅದರ ಸದ್ದು ಅವರ ಖಾತೆ. ಇಬ್ಬರೂ ಓದಿದರೆ ಒಳ್ಳೆಯದು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಗಿಟಾರು, ಡ್ರಮ್ಸು, ಚಿತ್ರಕಥೆ ಅಂತ ಹುಚ್ಚು ಹತ್ತಿಸಿಕೊಂಡವರು ಈ ಊರಲ್ಲಿ ಬಹಳ ಜನ ಇದ್ದಾರೆ. ಅವರೂ ಓದಲಿ, ನಾನು ತಪ್ಪು ಹೇಳಿದ್ದರೆ ತಿದ್ದಲಿ ಅಂತ.

ಮೊದಲು ಒಂದು ಪದದ ಕಥೆ.

ಕೆಲವು ವರ್ಷಗಳ ಹಿಂದೆ ತಿಪಟೂರಿನಿಂದ ಅಮ್ಮ ಫೋನ್ ಮಾಡಿದ್ದರು. ಶನಿವಾರ ರಾತ್ರಿ ಎಲ್ಲಿಗೆ ಹೋಗಿದ್ದೆ, ಎಷ್ಟು ಸಲ ಮಾಡಿದರೂ ಎತ್ತಲಿಲ್ಲವಲ್ಲ ಅಂತ ವಿಚಾರಣೆ. "ಲೈವ್ ಬ್ಯಾಂಡ್ ಇತ್ತಮ್ಮ, ಅಲ್ಲಿಗೆ ಹೋಗಿದ್ದೆ" ಅಂದೆ. ಆ ಕಡೆ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, "ಮದುವೆ ಆಗಿರೋನು ಕಣಪ್ಪ ನೀನು" ಅಂದರು. ಅವರು ಯಾಕೆ ಹಾಗಂದರು ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮನಿಗೆ ಗೊತ್ತಿದ್ದ ಲೈವ್ ಬ್ಯಾಂಡ್ ಪೇಪರಿನಲ್ಲಿ ಬರುವ ಲೈವ್ ಬ್ಯಾಂಡ್. ದಾಳಿ, ಬಂಧನ, ಮುಖಕ್ಕೆ ಕರವಸ್ತ್ರ ಮುಚ್ಚಿಕೊಂಡ ಗಂಡಸರ ಫೋಟೊ. ಅಂದರೆ ಬಾರಿನಲ್ಲಿ ಹುಡುಗಿಯರನ್ನು ಕುಣಿಸಿ ನೋಟು ಎಸೆಯುವ ಜಾಗ.

ನಾನು ಹೋಗಿದ್ದ ಲೈವ್ ಬ್ಯಾಂಡಿನಲ್ಲಿ ನಾಲ್ಕು ಜನ ಇದ್ದರು. ಒಬ್ಬ ಸಾಫ್ಟ್‌ವೇರಿನವನು, ಒಬ್ಬರು ಕಾಲೇಜು ಮೇಷ್ಟ್ರು, ಒಬ್ಬಳು ದಂತವೈದ್ಯೆ, ಒಬ್ಬನಿಗೆ ಕೆಲಸ ಇರಲಿಲ್ಲ. ಯಾರೂ ಕುಣಿಯಲಿಲ್ಲ. ಡ್ರಮ್ಮರಿಗೆ ಕುಣಿಯುವ ಆಸೆ ಇತ್ತೇನೋ, ಆದರೆ ಅವನು ಕೂತೇ ಇರಬೇಕಲ್ಲ.

ಸಚಿವರೇ, ಇದನ್ನು ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. ಬೆಂಗಳೂರಿನಲ್ಲಿ ಸಣ್ಣ ವೇದಿಕೆಗಳ ಹಣೆಬರಹ ಈ ಪದದಲ್ಲೇ ಸಿಕ್ಕಿಹಾಕಿಕೊಂಡಿದೆ. 2005ರಲ್ಲಿ ನಗರಕ್ಕೆ ಒಂದು ಆದೇಶ ಬಂತು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊಥೆಕ್ ಇವನ್ನು ನಡೆಸಬೇಕಾದರೆ ಪೊಲೀಸ್ ಆಯುಕ್ತರ ಪರವಾನಗಿ ಬೇಕು ಎನ್ನುವ ಆದೇಶ. ಮೂರೂ ಒಂದೇ ಸಾಲಿನಲ್ಲಿ. ಹೋಟೆಲಿನವರು ಕೋರ್ಟಿಗೆ ಹೋದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಅದಾದ ಮೇಲೆ ನಗರದ ಎಷ್ಟೋ ಪಬ್ಬುಗಳಲ್ಲಿ ಗಿಟಾರಿನ ಸದ್ದು ನಿಂತುಹೋಯಿತು. ಕೋರ್ಟಿನ ತೀರ್ಪಿನ ಬಗ್ಗೆ ನನ್ನದೇನೂ ತಕರಾರಿಲ್ಲ. ಪರವಾನಗಿ ಇರಲಿ, ಬೆಂಕಿ ಬಿದ್ದರೆ ಓಡಲು ಎರಡು ಬಾಗಿಲೂ ಇರಲಿ. ಆದರೆ ಮೇಜಿನ ಪಕ್ಕ ಕೂತು ನಾಲ್ಕು ಹಾಡು ಹಾಡುವವನನ್ನೂ ಕ್ಯಾಬರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತೂಕ ಸರಿ ಬರುತ್ತದಾ?

ನನಗೇ ಆದ ಒಂದು ಅನುಭವ ಇದೆ. ನವೆಂಬರ್ ತಿಂಗಳು, ನಮ್ಮ ಬಡಾವಣೆಯಲ್ಲಿ ರಾಜ್ಯೋತ್ಸವ. ಆರ್ಕೆಸ್ಟ್ರಾ ಬದಲು ಈ ಸಲ ಹುಡುಗರ ಬ್ಯಾಂಡ್ ಕರೆಸೋಣ ಅಂತ ನಿರ್ಧಾರ ಆಯಿತು. ನಾನು ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿದ್ದವರು ಒಳ್ಳೆಯವರೇ, ಕೂರಿಸಿ ಮಾತಾಡಿಸಿದರು. ಅರ್ಜಿಯಲ್ಲಿ 'ಬ್ಯಾಂಡ್' ಅನ್ನುವ ಪದ ಕಂಡು, "ಡ್ಯಾನ್ಸ್ ಇರುತ್ತಾ?" ಅಂದರು. ಇಲ್ಲ ಸಾರ್ ಅಂದೆ. "ಹುಡುಗಿಯರು ಇದ್ದಾರಾ?" ಬಾಸ್ ಗಿಟಾರ್ ನುಡಿಸುವವಳು ಹುಡುಗಿ ಸಾರ್ ಅಂದೆ. ಅವರು ಪೆನ್ನು ಕೆಳಗಿಟ್ಟರು. ಕೊನೆಗೆ 'ಬ್ಯಾಂಡ್' ಹೊಡೆದುಹಾಕಿ 'ವಾದ್ಯಗೋಷ್ಠಿ' ಅಂತ ಬರೆದುಕೊಟ್ಟೆ. ಹತ್ತು ನಿಮಿಷದಲ್ಲಿ ಕೆಲಸ ಆಯಿತು. ಅದೇ ಜನ, ಅದೇ ಗಿಟಾರು, ಅದೇ ಸ್ಪೀಕರು.

ವಾದ್ಯಗೋಷ್ಠಿ ಅಂದೆನಲ್ಲ. ನನ್ನ ಹುಚ್ಚು ಶುರುವಾದದ್ದೇ ಅಲ್ಲಿಂದ. ತಿಪಟೂರಿನಲ್ಲಿ ಗಣಪತಿ ಹಬ್ಬ ಅಂದರೆ ನಮಗೆ ಆರ್ಕೆಸ್ಟ್ರಾ. ಸಂಜೆ ಆರಕ್ಕೆ ಬರುತ್ತೇವೆ ಅಂದವರು ಒಂಬತ್ತಕ್ಕೆ ಬರೋರು. ಅಲ್ಲಿಂದ ಅರ್ಧ ಗಂಟೆ "ಹಲೋ, ಮೈಕ್ ಟೆಸ್ಟಿಂಗ್". ಹಾಡುವವರನ್ನು ಬಿಟ್ಟು ನಾನು ರಿದಮ್ ಪ್ಯಾಡ್ ಬಡಿಯುವವನನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಎದೆಯೊಳಗೆ ಧಬ್ ಅನ್ನುತ್ತಿತ್ತು. ಟೇಪ್ ರೆಕಾರ್ಡರಿನಲ್ಲಿ ಅದೇ ಹಾಡು ಕೇಳಿದರೆ ಆ ಧಬ್ ಇರುತ್ತಿರಲಿಲ್ಲ. ಲೈವ್ ಸಂಗೀತ ಅಂದರೆ ಇವತ್ತಿಗೂ ನನಗೆ ಆ ಧಬ್.

1999ರಲ್ಲಿ ಡಿಪ್ಲೊಮಾ ಓದಲು ಬೆಂಗಳೂರಿಗೆ ಬಂದೆ. 2001ರಲ್ಲಿ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್ ಅರಮನೆ ಮೈದಾನಕ್ಕೆ ಬಂತು. ಟಿಕೆಟ್ಟಿಗೆ ದುಡ್ಡಿರಲಿಲ್ಲ. ನಾನು, ನನ್ನ ರೂಮ್‌ಮೇಟ್ ಕಾಂಪೌಂಡ್ ಆಚೆ ನಿಂತು ಕೇಳಿದೆವು. ಗೋಡೆ ದಾಟಿ ಬಂದದ್ದು ಬಾಸ್ ಗಿಟಾರಿನ ದಪ್ಪ ಸದ್ದು ಮಾತ್ರ. ಹಾಡು ಯಾವುದು ಅಂತ ಪಂತ ಕಟ್ಟಿಕೊಂಡು ಊಹಿಸುತ್ತಿದ್ದೆವು. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಬಂತು, ಆಗಲೂ ದುಡ್ಡಿಲ್ಲ. 2007ರ ಮಾರ್ಚ್ 17ರಂದು ಐರನ್ ಮೇಡನ್ ಬರುವ ಹೊತ್ತಿಗೆ ನನಗೆ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತ್ತು. ಅವತ್ತು ಒಳಗೆ ಹೋದೆ. ಗುವಾಹಟಿಯಿಂದ, ಕೊಚ್ಚಿಯಿಂದ ರೈಲಿನಲ್ಲಿ ಬಂದವರು ಸಿಕ್ಕಿದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಎರಡು ದಿನದ ಹಿಂದೆ ದೆಹಲಿ ಪಕ್ಕದ ಗುರುಗ್ರಾಮದಲ್ಲಿ ಅದೇ ಬ್ಯಾಂಡಿನ ಕಾರ್ಯಕ್ರಮ ನಿಂತುಹೋಗಿತ್ತು. ನಮ್ಮಲ್ಲಿ ನಡೆಯಿತು. ಮೊಣಕಾಲವರೆಗೆ ಕೆಸರು. ನನ್ನ ಒಂದು ಚಪ್ಪಲಿ ಈಗಲೂ ಅರಮನೆ ಮೈದಾನದ ಅಡಿಯಲ್ಲೇ ಎಲ್ಲೋ ಇರಬೇಕು. ಅವತ್ತು ಮೆಟಾಲಿಕಾಗಿಂತ ಮೊದಲು ವೇದಿಕೆ ಹತ್ತಿದವರಲ್ಲಿ ನಮ್ಮ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಬ್ಯಾಂಡ್ ಕೂಡ ಇತ್ತು. ಅವರಿಗೆ ನಾನು ಕೂಗಿದಷ್ಟು ಆಮೇಲೆ ಬಂದವರಿಗೂ ಕೂಗಲಿಲ್ಲ.

ಅರಮನೆ ಮೈದಾನ ಅಂದರೆ ಬರೀ ಇಂಗ್ಲಿಷ್ ಅಂದುಕೊಳ್ಳಬೇಡಿ. 2005ರಲ್ಲಿ ಸಿ. ಅಶ್ವತ್ಥ್ ಅವರ 'ಕನ್ನಡವೇ ಸತ್ಯ' ನಡೆದದ್ದೂ ಅಲ್ಲೇ. ಭಾವಗೀತೆ ಕೇಳೋಕೆ ಅಷ್ಟೊಂದು ಜನ ಬರುತ್ತಾರೆ ಅಂತ ಯಾರೂ ಎಣಿಸಿರಲಿಲ್ಲ. ಅಶ್ವತ್ಥ್ ಹಾಡುವಾಗ ಕತ್ತಿನ ನರ ಉಬ್ಬುತ್ತಿತ್ತಲ್ಲ, ಯಾವ ರಾಕ್ ಗಾಯಕನಿಗೂ ಕಡಿಮೆ ಇರಲಿಲ್ಲ ಅದು.

ಆದರೆ ನಾನು ಈ ದೊಡ್ಡ ಮೈದಾನಗಳಿಗಾಗಿ ಪತ್ರ ಬರೆಯುತ್ತಿಲ್ಲ. ಅವನ್ನು ನೋಡಿಕೊಳ್ಳಲು ದೊಡ್ಡ ಕಂಪನಿಗಳಿವೆ. ಟಿಕೆಟ್ ಬೆಲೆ ನೋಡಿದರೆ ನಾನು ಮತ್ತೆ ಕಾಂಪೌಂಡ್ ಆಚೆಗೇ ಬಂದುಬಿಟ್ಟಿದ್ದೇನೆ. ನನ್ನ ಚಿಂತೆ ಸಣ್ಣ ವೇದಿಕೆಗಳದ್ದು.

ಈ ಊರನ್ನು ದೇಶದ ರಾಕ್ ರಾಜಧಾನಿ ಅಂತ ಕರೆಯುತ್ತಾರಲ್ಲ, ಆ ಹೆಸರು ಹೊರಗಿನಿಂದ ಬಂದ ಬ್ಯಾಂಡುಗಳಿಂದ ಬಂದದ್ದಲ್ಲ. 1970ರ ದಶಕದಲ್ಲೇ ಇಲ್ಲಿ ಹ್ಯೂಮನ್ ಬಾಂಡೇಜ್ ಅಂತ ಒಂದು ತಂಡ ಇತ್ತು, ರಾಧಾ ಥಾಮಸ್ ಹಾಡುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ಮಿಲೇನಿಯಂ ಬಂತು. ಹೆವಿ ಮೆಟಲ್ ಅಂದರೆ ಏನು ಅಂತ ಇಲ್ಲಿನ ಹುಡುಗರಿಗೆ ತೋರಿಸಿದವರು ಅವರು. 1996ರಲ್ಲಿ ಥರ್ಮಲ್ ಆಂಡ್ ಎ ಕ್ವಾರ್ಟರ್. 1998ರಲ್ಲಿ ಕ್ರಿಪ್ಟೋಸ್. ಈ ಕ್ರಿಪ್ಟೋಸ್ ಮುಂದೆ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಮೆಟಲ್ ಕೇಳುವವರಿಗೆ ವಾಕನ್ ಅಂದರೆ ಕಾಶಿ ಇದ್ದಂತೆ. ಆಮೇಲೆ ಸ್ವರಾತ್ಮ, ರಘು ದೀಕ್ಷಿತ್ ಪ್ರಾಜೆಕ್ಟ್. ರಘು ದೀಕ್ಷಿತ್ ಶಿಶುನಾಳ ಷರೀಫರ ಪದಗಳನ್ನು ಗಿಟಾರಿನ ಮೇಲೆ ಕೂರಿಸಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದವರೆಗೆ ಕೊಂಡೊಯ್ದರು. ಷರೀಫರು 1889ರಲ್ಲಿ ತೀರಿಕೊಂಡವರು. ಇಂಗ್ಲೆಂಡಿನ ಹೊಲದಲ್ಲಿ ತಮ್ಮ ಪದಕ್ಕೆ ಜನ ಕುಣಿಯುವುದು ನೋಡಿದ್ದರೆ ಇನ್ನೊಂದು ಪದ ಕಟ್ಟುತ್ತಿದ್ದರೇನೋ.

ಇವರೆಲ್ಲ ಕಲಿತದ್ದು ಎಲ್ಲಿ? ಕಾಲೇಜು ಹಬ್ಬಗಳಲ್ಲಿ. ನಾಗರಬಾವಿಯ ಲಾ ಸ್ಕೂಲಿನ ರಾಕ್ ಉತ್ಸವ ಸ್ಟ್ರಾಬೆರಿ ಫೀಲ್ಡ್ಸ್‌ನಲ್ಲಿ. ಸ್ವಾತಂತ್ರ್ಯ ದಿನದ ಆಸುಪಾಸು ನಡೆಯುತ್ತಿದ್ದ ಫ್ರೀಡಂ ಜಾಮ್‌ನಲ್ಲಿ. 1996ರಲ್ಲಿ ಶುರುವಾದ ಆ ಜಾಮ್‌ಗೆ ಟಿಕೆಟ್ಟೇ ಇರಲಿಲ್ಲ. ಯಾರು ಬೇಕಾದರೂ ಬಂದು ಕೇಳಬಹುದು. ನಾನು ಡಿಪ್ಲೊಮಾ ಓದುತ್ತಿದ್ದಾಗ ಅಲ್ಲೇ ಒಂದು ಬ್ಯಾಂಡಿಗೆ ಕೇಬಲ್ ಸುತ್ತುವ ಕೆಲಸಕ್ಕೆ ಸೇರಿಕೊಂಡೆ. ಕೆಲಸ ಅಂದರೆ ಸಂಬಳದ್ದಲ್ಲ. ಆಂಪ್ಲಿಫೈಯರನ್ನು ಆಟೋಗೆ ಏರಿಸುವುದು, ಇಳಿಸುವುದು, "ಲಗೇಜ್ ಇದೆ, ಮೀಟರಿನ ಒನ್ ಆಂಡ್ ಹಾಫ್ ಕೊಡಿ" ಅನ್ನುವ ಆಟೋದವರ ಜತೆ ಜಗಳ ಆಡುವುದು. ಬೆಂಗಳೂರಿನ ರಾಕ್ ಇತಿಹಾಸದಲ್ಲಿ ಆಟೋದವರಿಗೆ ಒಂದು ಅಧ್ಯಾಯ ಬಿಡಬೇಕು.

ಆ ಬ್ಯಾಂಡ್ ಹೆಸರು ಯಾರಿಗೂ ಗೊತ್ತಿಲ್ಲ. ಎರಡು ವರ್ಷ ನಡೆಯಿತು, ಒಬ್ಬ ಅಮೆರಿಕಕ್ಕೆ ಹೋದ, ಮುಗಿಯಿತು. ಅವರ ಹನ್ನೊಂದು ಹಾಡುಗಳು ಒಂದು ಕ್ಯಾಸೆಟ್ಟಿನಲ್ಲಿದ್ದವು. ಕ್ಯಾಸೆಟ್ ಈಗ ಬೂಷ್ಟು ಹಿಡಿದು ನನ್ನ ಬೀರುವಿನಲ್ಲಿದೆ. ಇಂಥ ಕ್ಯಾಸೆಟ್ಟುಗಳು, ಕೈಯಲ್ಲಿ ಬರೆದ ಪೋಸ್ಟರುಗಳು, ಜೆರಾಕ್ಸ್ ಮಾಡಿಸಿದ ಕರಪತ್ರಗಳು ಈ ಊರಿನ ಎಷ್ಟೋ ಬೀರುಗಳಲ್ಲಿ ಬಿದ್ದಿವೆ. ಅವನ್ನೆಲ್ಲ ಕೂಡಿಸಿ ಮ್ಯೂಸಿಯಂ ಮಾಡಿ ಅಂತ ನಾನು ಕೇಳುವುದಿಲ್ಲ. ಮ್ಯೂಸಿಯಂ ಅಂದ ತಕ್ಷಣ ಕಟ್ಟಡ, ಟೆಂಡರು, ಶಿಲಾನ್ಯಾಸ ಎಲ್ಲ ಬರುತ್ತದೆ. ಹಾಡು ಮಾತ್ರ ಬರುವುದಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರುತ್ತದೆ. ಗಿಟಾರು, ಡ್ರಮ್ಸು ಅಂತ ಕುಣಿಯುವವರಿಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೂ ಏನು ಸಂಬಂಧ? ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೈಸೂರಿನ ಟಿ. ಚೌಡಯ್ಯನವರನ್ನು ತೆಗೆದುಕೊಳ್ಳಿ. ಪಿಟೀಲು ನಮ್ಮದಲ್ಲ, ಯೂರೋಪಿನಿಂದ ಬಂದದ್ದು. ಅದಕ್ಕೆ ನಾಲ್ಕು ತಂತಿ. ಚೌಡಯ್ಯನವರು ಅದನ್ನು ಏಳು ಮಾಡಿದರು. ಯಾಕೆ? ಆಗ ಸಭೆಗಳಲ್ಲಿ ಮೈಕ್ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕೂತವನಿಗೂ ಕೇಳಬೇಕು ಅಂತ. ಸದ್ದು ಸಾಲದು, ಇನ್ನೂ ಬೇಕು, ಹಿಂದಿನವನ ಎದೆಗೂ ತಾಗಬೇಕು! ಸಚಿವರೇ, ಆಂಪ್ಲಿಫೈಯರಿನ ಗುಂಡಿ ಕೊನೆವರೆಗೂ ತಿರುಗಿಸುವ ಹುಡುಗನ ಬುದ್ಧಿ ಇದೇ ಅಲ್ವಾ? ಆ ಚೌಡಯ್ಯನವರ ಹೆಸರಲ್ಲಿ ಮಲ್ಲೇಶ್ವರದ ಪಕ್ಕ ಪಿಟೀಲಿನ ಆಕಾರದಲ್ಲೇ ಒಂದು ಭವನ ಕಟ್ಟಿದ್ದೇವೆ.

ಇನ್ನು ಕದ್ರಿ ಗೋಪಾಲನಾಥರು. ದಕ್ಷಿಣ ಕನ್ನಡದ ನಾಗಸ್ವರದವರ ಮನೆಯ ಹುಡುಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಒಂದು ದಿನ ಸ್ಯಾಕ್ಸೊಫೋನ್ ಕೇಳಿದರು. ಮನಸ್ಸು ಅಲ್ಲೇ ಸಿಕ್ಕಿಹಾಕಿಕೊಂಡಿತು. ಸ್ವರವನ್ನು ಜಾರಿಸಿ ತೂಗುವ ಗಮಕ ನುಡಿಸಲು ಅದು ತಕ್ಕ ವಾದ್ಯವೇ ಅಲ್ಲ ಅಂದವರಿದ್ದರು. ವರ್ಷಗಟ್ಟಲೆ ಅದರ ಜತೆ ಗುದ್ದಾಡಿ, ಕೀಲುಗಳನ್ನೇ ಬದಲಾಯಿಸಿ, ಕರ್ನಾಟಕ ಸಂಗೀತಕ್ಕೆ ಅದನ್ನು ಒಗ್ಗಿಸಿದರು. 2019ರಲ್ಲಿ ಅವರು ತೀರಿಕೊಂಡಾಗ ಇಡೀ ನಾಡು ನಮ್ಮವರು ಅಂತ ಅತ್ತಿತು. ಈಗ ಯೋಚಿಸಿ. ಅವತ್ತು ಅರಮನೆಯಲ್ಲಿ ಆ ಬ್ಯಾಂಡೇ ಇರದಿದ್ದರೆ? 'ಇದು ನಮ್ಮ ವಾದ್ಯ ಅಲ್ಲ, ಇದಕ್ಕೆ ಇಲ್ಲಿ ಜಾಗ ಇಲ್ಲ' ಅಂತ ಯಾರೋ ಬಾಗಿಲು ಹಾಕಿದ್ದರೆ?

ಆಯುಕ್ತರೇ, ಈ ಮಾತು ನಿಮಗೂ ಸೇರಿದ್ದು. ಮೈಸೂರಿನ ಪೊಲೀಸ್ ಬ್ಯಾಂಡ್ ಅರಮನೆ ಕಾಲದ ಪರಂಪರೆಯದು. ಅದರಲ್ಲಿ ಕರ್ನಾಟಕ ವಾದ್ಯವೃಂದವೂ ಇದೆ, ಇಂಗ್ಲಿಷ್ ಬ್ಯಾಂಡೂ ಇದೆ. ದಸರಾದಲ್ಲಿ ಎರಡನ್ನೂ ಕೇಳಿದ್ದೇನೆ. ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ರಾಜ್ಯದ ಅತಿ ಹಳೆಯ ಲೈವ್ ಬ್ಯಾಂಡುಗಳಲ್ಲಿ ಒಂದು ನಿಮ್ಮ ಇಲಾಖೆಯದ್ದೇ.

ಜಯಚಾಮರಾಜ ಒಡೆಯರ್ ಅವರ ಕಥೆಯನ್ನೂ ಒಂದು ಸಾಲು ಹೇಳಿಬಿಡುತ್ತೇನೆ. 1950ರಲ್ಲಿ ಜರ್ಮನಿಯ ಸಂಗೀತ ಸಂಯೋಜಕ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಲಂಡನ್ನಿನ ವೇದಿಕೆ ಹತ್ತಿದಾಗ ಅದರ ಖರ್ಚಿಗೆ ನಿಂತವರು ನಮ್ಮ ಮಹಾರಾಜರು. ದೇವಿಯ ಮೇಲೆ ಕೃತಿ ಕಟ್ಟಿದವರೂ ಅವರೇ. ಅವರಿಗೆ ಎರಡರ ನಡುವೆ ಜಗಳ ಕಾಣಲಿಲ್ಲ.

ಹೋಗಲಿ, ಹಾಗಾದರೆ ಕನ್ನಡದಲ್ಲೇ ಹಾಡಬೇಕು ಅಂತ ಷರತ್ತು ಹಾಕೋಣ ಅಂತೀರಾ? ದಯವಿಟ್ಟು ಬೇಡ. ಕಡ್ಡಾಯ ಮಾಡಿದರೆ ಹುಡುಗರು ಒಂದು ಕನ್ನಡ ಹಾಡನ್ನು ಶಾಸ್ತ್ರಕ್ಕೆ ಹಾಡಿ ಮುಗಿಸುತ್ತಾರೆ. ಜಾಗ ಕೊಡಿ, ಕನ್ನಡ ತಾನಾಗಿ ಬರುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ. ಪಬ್ಬಿನಲ್ಲಿ ಇಂಗ್ಲಿಷಿನಲ್ಲೇ ಹಾಡುತ್ತಿದ್ದ ಬ್ಯಾಂಡು ಬಡಾವಣೆಯ ರಾಜ್ಯೋತ್ಸವದಲ್ಲಿ ಎದುರಿಗೆ ಕೂತ ಅಜ್ಜಿಯರನ್ನು ನೋಡಿ ತಾವಾಗೇ ಒಂದು ವಚನ ಎತ್ತಿಕೊಂಡರು. ಡ್ರಮ್ಮರ್ ಕೋಲು ಬಿಟ್ಟು ನಿಧಾನಕ್ಕೆ ಮೆಲುಸದ್ದಿನ ಬ್ರಷ್ ಹಿಡಿದ. ಅಜ್ಜಿಯರು ತಾಳ ಹಾಕಿದರು. ಕೇಳುವವರು ಯಾರು ಅನ್ನುವುದರ ಮೇಲೆ ಹಾಡು ಬದಲಾಗುತ್ತದೆ.

ಇನ್ನು ಕಾಮಿಕ್ ಕಾನ್, ಅಂದರೆ ಚಿತ್ರಕಥೆಯ ಹುಚ್ಚಿನವರ ಜಾತ್ರೆಯ ವಿಷಯ. ಇದನ್ನು ಓದಿ ನಗಬೇಡಿ, ನನಗೆ ನಲವತ್ತು ದಾಟಿದೆ.

ಬೆಂಗಳೂರಿಗೆ ಕಾಮಿಕ್ ಕಾನ್ ಬಂದದ್ದು 2012ರಲ್ಲಿ, ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ. ಅವತ್ತು ನಾನು ಒಬ್ಬನೇ ಹೋಗಿದ್ದೆ, ಕಳ್ಳನ ಹಾಗೆ. ಈಗ ವೈಟ್‌ಫೀಲ್ಡ್ ಕಡೆ ನಡೆಯುವಾಗ ತಂಗಿ ಮಗಳ ಜತೆ ಹೋಗುತ್ತೇನೆ. ಜನ ಬಗೆಬಗೆಯ ವೇಷ ಹಾಕಿಕೊಂಡು ಬರುತ್ತಾರೆ. ಅದಕ್ಕೆ ಕಾಸ್‌ಪ್ಲೇ ಅಂತ ಹೆಸರು. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನಮ್ಮೂರಿಗೆ ಬರುತ್ತಿದ್ದ ಹಗಲುವೇಷದವರು. ಒಂದು ದಿನ ರಾಮ, ಒಂದು ದಿನ ಭೀಮ, ಇನ್ನೊಂದು ದಿನ ಮೋಹಿನಿ. ಬಿಸಿಲಿನಲ್ಲಿ ಬಣ್ಣ ಕರಗಿ ಕುತ್ತಿಗೆಗೆ ಇಳಿಯುತ್ತಿರುತ್ತಿತ್ತು. ಆದರೂ ಗದೆ ಕೆಳಗಿಡುತ್ತಿರಲಿಲ್ಲ. ಕಾಸ್‌ಪ್ಲೇ ಮಾಡುವ ಹುಡುಗರೂ ಅಷ್ಟೆ. ತಿಂಗಳುಗಟ್ಟಲೆ ಥರ್ಮಾಕೋಲ್, ರಟ್ಟು, ಫೆವಿಕಾಲ್ ಹಿಡಿದು ಕೂರುತ್ತಾರೆ. ಸೆಕೆಯಲ್ಲಿ ಬೆಂದುಹೋದರೂ ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದಿಲ್ಲ.

ಹೋದ ಸಲ ನನ್ನ ತಂಗಿ ಮಗಳು ಬಾಲಮಂಗಳ ಅನ್ನುವ ಮಕ್ಕಳ ಪತ್ರಿಕೆಯ ಡಿಂಗನ ವೇಷ ಹಾಕಿದಳು. ಐಡಿಯಾ ನನ್ನದೇ. ಅವಳಿಗೆ ಡಿಂಗ ಯಾರು ಅಂತ ಮೊದಲು ನಾನು ಅರ್ಧ ಗಂಟೆ ಪಾಠ ಮಾಡಬೇಕಾಯಿತು. ಸುತ್ತಲೂ ಜಪಾನಿನ ವೀರರು, ಅಮೆರಿಕದ ವೀರರು. ನಡುವೆ ನಮ್ಮ ಇಲಿ. ಮಕ್ಕಳು ಯಾರೂ ತಿರುಗಿ ನೋಡಲಿಲ್ಲ. ಪಾಪ, ಅವಳ ಮುಖ ಸಣ್ಣಗಾಯಿತು. ಆಗ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬರು ದೂರದಿಂದ "ಏ, ಡಿಂಗ!" ಅಂತ ಕೂಗಿದರು. ಅಷ್ಟೇ. ಎಲ್ಲಿದ್ದರೋ ಏನೋ, ಮೂವತ್ತೈದು, ನಲವತ್ತರ ಅಪ್ಪಂದಿರು ಅಮ್ಮಂದಿರು ಒಬ್ಬೊಬ್ಬರೇ ಬಂದರು. ಲಂಬೋದರ, ಶಕ್ತಿಮದ್ದು ಅಂತ ಚಿಕ್ಕಂದಿನಲ್ಲಿ ಓದಿದ ಕಥೆಗಳ ಬಗ್ಗೆ ತಮ್ಮತಮ್ಮಲ್ಲೇ ಮಾತು ಶುರು. ಒಬ್ಬರಂತೂ ಕಣ್ಣೊರೆಸಿಕೊಂಡರು. ಧೂಳಿಗೋ ಏನೋ.

ಆ ಸಭಾಂಗಣ ಪೂರ್ತಿ ಸುತ್ತಿದರೂ ನನಗೆ ಕನ್ನಡದ ಒಂದು ಚಿತ್ರಕಥೆ ಕೊಳ್ಳಲು ಸಿಗಲಿಲ್ಲ. ನಡೆಸುವವರನ್ನು ನಾನು ದೂರುವುದಿಲ್ಲ. ಅದು ವ್ಯಾಪಾರ, ಮಳಿಗೆಗೆ ಬಾಡಿಗೆ ಇರುತ್ತದೆ. ಕನ್ನಡದಲ್ಲಿ ಇಪ್ಪತ್ತು ಪುಟ ಬರೆದು, ಸ್ವಂತ ಖರ್ಚಿನಲ್ಲಿ ಇನ್ನೂರು ಪ್ರತಿ ಅಚ್ಚು ಹಾಕಿಸಿದ ಹುಡುಗಿ ಆ ಬಾಡಿಗೆ ಎಲ್ಲಿಂದ ತರುತ್ತಾಳೆ? ಅಚ್ಚು ಹಾಕುವ ಕೆಲಸ ನನ್ನದೇ ಆದ್ದರಿಂದ ಅಂಥ ನಾಲ್ಕೈದು ಜನ ನನಗೆ ಗೊತ್ತು. ಪ್ರತಿ ಸಲ ಬಂದು, "ಅಣ್ಣ, ಕಡಿಮೆ ಜಿಎಸ್‌ಎಂ ತೆಳು ಪೇಪರಿನಲ್ಲಿ ಮಾಡಿಕೊಡಿ" ಅಂತಾರೆ.

ಹಾಗೆ ನೋಡಿದರೆ ಈ ದೇಶದ ಚಿತ್ರಕಥೆಗೆ ಕನ್ನಡದ ಋಣ ಇದೆ. ಅಮರ ಚಿತ್ರಕಥೆ ಎಲ್ಲರಿಗೂ ಗೊತ್ತು. ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಆದರೆ ಆ ಹೆಸರಿನ ಪುಸ್ತಕಗಳು ಮೊದಲು ಬಂದದ್ದು ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನಲ್ಲಿ. ಪುಸ್ತಕ ಮಾರಾಟದಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಆ ಮೊದಲ ಹತ್ತು ಪುಸ್ತಕಗಳಲ್ಲಿ ಇದ್ದದ್ದು ಪಶ್ಚಿಮದ ಕಿನ್ನರ ಕಥೆಗಳು. ಅದಕ್ಕೇ ಇಂಗ್ಲಿಷಿನ ಮೊದಲ ಸಂಚಿಕೆ 'ಕೃಷ್ಣ'ನಿಗೆ 11 ಅಂತ ಸಂಖ್ಯೆ. ಚಿಕ್ಕಂದಿನಲ್ಲಿ 1ರಿಂದ 10 ಎಲ್ಲಿ ಹೋದವು ಅಂತ ತಲೆ ಕೆಡಿಸಿಕೊಂಡವರಿಗೆಲ್ಲ ಉತ್ತರ ಇದು. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ದೇಶದ ಮೊದಲ ಕಾಮಿಕ್ ಕಾನ್ ನಡೆದಾಗ ಜೀವಮಾನದ ಸಾಧನೆಗೆ ಗೌರವ ಸಂದದ್ದು ಅನಂತ ಪೈ ಅವರಿಗೆ. ಅದಾಗಿ ಕೆಲವೇ ದಿನಕ್ಕೆ ಅವರು ತೀರಿಕೊಂಡರು.

ಈಗ ಜನಜಂಗುಳಿಯ ಮಾತು. ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ.

2025ರ ಫೆಬ್ರವರಿ 9ರಂದು ಚರ್ಚ್ ಸ್ಟ್ರೀಟಿನಲ್ಲಿ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಗಿಟಾರ್ ಹಿಡಿದು ನಿಂತರು. ಹಾಡು ಅರ್ಧದಲ್ಲಿರುವಾಗ ಪೊಲೀಸರೊಬ್ಬರು ಬಂದು ಮೈಕಿನ ವೈರ್ ಕಿತ್ತರು. ಅನುಮತಿ ಇತ್ತು ಅಂತ ಅವರು, ಇರಲಿಲ್ಲ ಅಂತ ಪೊಲೀಸರು. ಇಡೀ ಜಗತ್ತು ಆ ವಿಡಿಯೊ ನೋಡಿ ನಕ್ಕಿತು. ನನಗೆ ನಗು ಬರಲಿಲ್ಲ. ಯಾಕೆಂದರೆ ನಮ್ಮೂರಿನ ಹುಡುಗರಿಗೆ ಇದು ಹೊಸತಲ್ಲ, ಅವರ ವಿಡಿಯೊ ಯಾರೂ ತೆಗೆದಿರಲಿಲ್ಲ ಅಷ್ಟೆ. ಆದರೂ ಆ ಪೊಲೀಸರನ್ನು ನಾನು ಬೈಯುವುದಿಲ್ಲ. ಭಾನುವಾರದ ಚರ್ಚ್ ಸ್ಟ್ರೀಟ್ ಕಿರಿದು. ಅದಾಗಿ ನಾಲ್ಕು ತಿಂಗಳಿಗೆ, ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಏನಾಯಿತು ಅಂತ ನಮಗೆಲ್ಲ ಗೊತ್ತು. ಕಾಲ್ತುಳಿತಕ್ಕೆ ಸಿಕ್ಕ 11 ಜನ ಮನೆಗೆ ವಾಪಸ್ ಹೋಗಲಿಲ್ಲ. ಆ ದಿನದ ನಂತರ ಯಾವ ಅಧಿಕಾರಿಗೂ ಸಹಿ ಹಾಕಲು ಕೈ ನಡುಗುವುದು ಸಹಜ.

ನಾನು ಕೇಳುವುದು ಇಷ್ಟು. ವರ್ಷಕ್ಕೊಂದು ಸಲ ಒಂದೇ ಕಡೆ ಎಲ್ಲರೂ ಮುಗಿಬೀಳುವುದು ಯಾವಾಗ? ಮತ್ತೆ ಸಿಗುತ್ತದೋ ಇಲ್ಲವೋ ಅನ್ನುವ ಭಯ ಇದ್ದಾಗ. ಹಾಲಿನ ಬೂತಿನ ಮುಂದೆ ಯಾರೂ ನೂಕಾಡುವುದಿಲ್ಲ, ನಾಳೆಯೂ ಹಾಲು ಬರುತ್ತದೆ ಅಂತ ಗೊತ್ತು. ಸಂಗೀತವೂ ಹಾಗೆ ಬರಲಿ. ಸ್ವಲ್ಪ ಸ್ವಲ್ಪ, ಪದೇ ಪದೇ, ನಾಲ್ಕು ನೂರು ಜನಕ್ಕೆ.

ಅದಕ್ಕೆ ಜಾಗ ನಿಮ್ಮ ಹತ್ತಿರವೇ ಇದೆ. ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದ ಹಿಂದೆ, ಸಂಸ ಬಯಲು ರಂಗಮಂದಿರ. ಬಯಲು, ಮೆಟ್ಟಿಲು, ವೇದಿಕೆ ಎಲ್ಲ ಇದೆ. ಕಾರ್ಪೊರೇಷನ್ ಸರ್ಕಲ್ಲಿಗೆ ಊರಿನ ಎಲ್ಲ ಮೂಲೆಯಿಂದಲೂ ಬಸ್ಸಿದೆ. ನಾಟಕ, ಜಾನಪದ ಅಲ್ಲಿ ನಡೆಯುತ್ತವೆ, ನಡೆಯಲೇಬೇಕು. ತಿಂಗಳಿಗೆ ಒಂದೇ ಒಂದು ಭಾನುವಾರ ನಮಗೆ ಕೊಡಿ. ಅಂದಹಾಗೆ, ಪೊಲೀಸರು ತಮ್ಮ ಬೆನ್ನು ಹತ್ತಿದ್ದಾರೆ ಎನ್ನುವ ಭಯದಲ್ಲೇ ಬದುಕು ಕಳೆದ ನಾಟಕಕಾರರು ಸಂಸ. ಅವರ ಹೆಸರಿನ ಅಂಗಳದಲ್ಲಾದರೂ ಕಲಾವಿದರು ಆ ಭಯ ಇಲ್ಲದೆ ನುಡಿಸಲಿ.

ಸಮಯ ಸಂಜೆ ನಾಲ್ಕರಿಂದ ಎಂಟು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಅನ್ನುವ ನಿಯಮ ಇದೆ, ನಾವು ಅದರ ಹತ್ತಿರಕ್ಕೂ ಹೋಗುವುದಿಲ್ಲ. ನನ್ನ ಮನೆಯಲ್ಲೂ ಈಗ ವಯಸ್ಸಾದ ಅಮ್ಮ ಇದ್ದಾರೆ, ಪಕ್ಕದ ಬೀದಿಯ ಪೆಂಡಾಲಿನ ಸದ್ದಿಗೆ ಅವರಿಗೆ ನಿದ್ದೆ ಬರುವುದಿಲ್ಲ. ಡ್ರಮ್ಸ್ ಅಂದರೆ ಸದ್ದೇ. ಪಕ್ಕದಲ್ಲಿ ನಿಂತರೆ 100 ಡೆಸಿಬೆಲ್ ದಾಟುತ್ತದೆ. ಆದರೆ ಕಾನೂನು ಅಳೆಯುವುದು ಆವರಣದ ಅಂಚಿನಲ್ಲಿ. ಆ ಪ್ರದೇಶದ ಮಿತಿಗಿಂತ 10 ಡೆಸಿಬೆಲ್ ಜಾಸ್ತಿ ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂಚಿನಲ್ಲಿ ಒಂದು ಮೀಟರ್ ಇಡಿ, ಅದರ ಪಕ್ಕ ನಿಮ್ಮ ಕಡೆಯವರೊಬ್ಬರು ಇರಲಿ. ಸೂಜಿ ಗೆರೆ ದಾಟಿದರೆ ಅವರೇ ಕೈ ಎತ್ತಲಿ, ನಾವು ಇಳಿಸುತ್ತೇವೆ. ವೈರ್ ಕೀಳುವುದು ಮಾತ್ರ ಬೇಡ, ಸ್ಪೀಕರ್ ಹಾಳಾಗಬಹುದು.

ದಿನಕ್ಕೆ ಮೂರು ಬ್ಯಾಂಡ್ ಸಾಕು. ಯಾರಿಗೆ ಅವಕಾಶ ಅನ್ನುವುದಕ್ಕೆ ಸಮಿತಿ ಬೇಡ, ಸಮಿತಿ ಅಂದರೆ ಶಿಫಾರಸು ಬರುತ್ತದೆ. ಹೆಸರು ಬರೆದು ಡಬ್ಬಿಗೆ ಹಾಕಿ, ಹೋದ ತಿಂಗಳು ಕೇಳಲು ಬಂದ ಮಕ್ಕಳ ಕೈಯಲ್ಲಿ ಚೀಟಿ ಎತ್ತಿಸಿ. ಟಿಕೆಟ್ ನೂರು ರೂಪಾಯಿ. 500 ರೂಪಾಯಿವರೆಗಿನ ಸಂಗೀತ ಕಾರ್ಯಕ್ರಮದ ಟಿಕೆಟ್ಟಿಗೆ ಹೇಗೂ ಜಿಎಸ್‌ಟಿ ಇಲ್ಲ. ಬಂದದ್ದು ಬ್ಯಾಂಡಿನವರಿಗೆ, ಸೌಂಡಿನವರಿಗೆ, ಕಸ ಗುಡಿಸುವವರಿಗೆ. ನಾಲ್ಕು ನೂರು ಜನ ಆದ ಮೇಲೆ ಗೇಟು ಹಾಕಿಬಿಡಿ. ಹೊರಗೆ ಉಳಿದವರು ಮುಂದಿನ ತಿಂಗಳು ಬರುತ್ತಾರೆ.

ಅದೇ ಆವರಣದಲ್ಲಿ ಮರದ ಕೆಳಗೆ ಇಪ್ಪತ್ತು ಬೆಂಚು ಹಾಕಿಸಿ. ದಿನಕ್ಕೆ ಇನ್ನೂರು ರೂಪಾಯಿ ಬಾಡಿಗೆ. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ, ಯಾವ ಭಾಷೆಯಲ್ಲಾದರೂ ಚಿತ್ರಕಥೆ ಮಾಡುವವರು ಕೂತು ಮಾರಲಿ. ವೇಷ ಹಾಕಿಕೊಂಡು ಬಂದ ಮಕ್ಕಳಿಗೆ ಟಿಕೆಟ್ ಬೇಡ. ಸಾಧ್ಯವಾದರೆ ನಿಜವಾದ ಹಗಲುವೇಷದವರನ್ನೂ ಒಂದು ಸಲ ಕರೆಸಿ, ಬೆವರಿನಲ್ಲಿ ಬಣ್ಣ ಕರಗದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ನಮ್ಮ ಹುಡುಗರಿಗೆ ಹೇಳಿಕೊಡಲಿ. ಮೂಲೆಯಲ್ಲಿ ಒಂದು ಮೇಜು, ಅದರ ಮೇಲೊಂದು ಸ್ಕ್ಯಾನರ್, ಒಂದು ಕ್ಯಾಸೆಟ್ ಪ್ಲೇಯರ್. ಬೀರುವಿನಲ್ಲಿ ಬಿದ್ದಿರುವ ಪೋಸ್ಟರು, ಕ್ಯಾಸೆಟ್ಟು ತಂದವರು ಕಾಪಿ ಮಾಡಿಸಿಕೊಂಡು, ಅಸಲನ್ನು ಮನೆಗೇ ತೆಗೆದುಕೊಂಡು ಹೋಗಲಿ. ಕಾಪಿ ನಿಮ್ಮ ಇಲಾಖೆಯಲ್ಲಿ ಉಳಿಯಲಿ. ನನ್ನ ಹನ್ನೊಂದು ಹಾಡಿನ ಕ್ಯಾಸೆಟ್ ಮೊದಲು.

ಆಯುಕ್ತರಿಗೆ ಬೇರೆಯದೇ ಒಂದು ಮನವಿ ಇದೆ. ಪರವಾನಗಿ ಅರ್ಜಿಯಲ್ಲಿ ಇನ್ನೊಂದು ಚೌಕ ಸೇರಿಸಿ. 'ಕೂತು ಕೇಳುವ ಸಂಗೀತ, ನೃತ್ಯವಿಲ್ಲ, ರಾತ್ರಿ ಹತ್ತರೊಳಗೆ' ಅಂತ. ಅದಕ್ಕೆ ಟಿಕ್ ಹಾಕಿದವರಿಗೆ ಒಂದೇ ಪುಟದ ಅರ್ಜಿ, ಒಂದು ವಾರದಲ್ಲಿ ಹೌದು ಅಥವಾ ಇಲ್ಲ. ಇಲ್ಲ ಅಂದರೂ ಪರವಾಗಿಲ್ಲ, ಕಾರಣ ಬರೆದುಕೊಡಿ. ಬಾಸ್ ನುಡಿಸುವವಳು ಹುಡುಗಿ ಅನ್ನುವುದು ಕಾರಣ ಆಗದಿರಲಿ.

ಆರು ತಿಂಗಳು ನೋಡಿ. ಸರಿ ಹೋಗದಿದ್ದರೆ ನಿಲ್ಲಿಸಿ, ನಾನೇ ಬಂದು ಬೆಂಚು ಒಳಗಿಡುತ್ತೇನೆ. ಮೊದಲ ಭಾನುವಾರಕ್ಕೆ ಆಂಪ್ಲಿಫೈಯರ್ ನಾವೇ ತರುತ್ತೇವೆ. ಆಟೋದವರ ಒನ್ ಆಂಡ್ ಹಾಫ್ ಕೂಡ ನಮ್ಮದೇ. ಅಮ್ಮನಿಗೆ ಈಗಾಗಲೇ ಹೇಳಿದ್ದೇನೆ. ಮುಂದಿನ ಸಾಲಿನಲ್ಲಿ ಕೂರುತ್ತಾರಂತೆ, ಕಿವಿಗೆ ಹತ್ತಿ ಇಟ್ಟುಕೊಂಡು.

ಇಂತಿ ತಮ್ಮ ವಿಶ್ವಾಸಿ,
ಕೇಬಲ್ ಸುತ್ತುತ್ತಿದ್ದ ಒಬ್ಬ ಕೇಳುಗ